ನಡುಮನೆಯಲ್ಲಿ ನಿಂತ ವಿಕ್ರಾಂತ

ಪ್ರಳಯಕಾಲದ ಮಹಾಜಲದಲ್ಲಿ ವೈವಸ್ವತ ಮನುವಿನ ನಾವೆಯನ್ನು ತನ್ನ ಕೊಂಬಿಗೆ ಕಟ್ಟಿಸಿಕೊಂಡು, ಸಪ್ತರ್ಷಿಗಳ ಸಹಿತ ಹಿಮವಂತನ ಶಿಖರಕ್ಕೆ ಮುಟ್ಟಿಸಿದ ಮತ್ಸ್ಯರೂಪಿಯಾದ ಶ್ರೀಮನ್ನಾರಾಯಣನಿಗೆ ಮೊದಲ ನಮಸ್ಕಾರ. ವಿಘ್ನಗಳನ್ನೆಲ್ಲ ಕಳೆದು, ಲೋಕದ ವಿನೋದಕ್ಕೆಂದು ಒಂದೆರಡನ್ನು ಉಳಿಸಿಕೊಡುವ ಗಣಪತಿಗೆ ಎರಡನೆಯದು. ನಾವೆಯ ಕತೆ ಹೇಳಹೊರಟವನು ಮೀನಿಗೆ ಕೈಮುಗಿಯದೆ ಹೊರಡಬಾರದು. ಕಾರಣವೇನೆಂಬುದು ಕತೆ ಕೆರೆಯ ದಡಕ್ಕೆ ಮುಟ್ಟಿದಾಗ ತಾನಾಗಿ ತಿಳಿಯುತ್ತದೆ.

ಸಿರಾ ತಾಲ್ಲೂಕಿನ ಮದಲೂರಿನಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿಯಾಗಿರುವ ನಾಗಲಿಂಗಯ್ಯನವರು ಸಮುದ್ರವನ್ನು ಕಂಡವರಲ್ಲ. ಆದರೆ ಅದರ ಮೇಲೆ ತೇಲಿದ, ತೇಲುತ್ತಿರುವ, ತೇಲಲಾರದೆ ತಳ ಸೇರಿದ ಯುದ್ಧನೌಕೆಗಳ ಕುಲ, ಗೋತ್ರ, ಪ್ರವರಗಳೆಲ್ಲ ಅವರಿಗೆ ಕಂಠಪಾಠ. ಎಮ್ಮೆಹಾಲಿನ ಡಿಗ್ರಿ ನೋಡುತ್ತಲೇ ಯಾವ ನೌಕೆಯಿಂದ ಯಾವ ವಿಮಾನ ಹಾರಿತೆಂದು ಹೇಳಬಲ್ಲರು. ಸಾಲಾಗಿ ನಿಲ್ಲಿಸಿದ ಹಾಲಿನ ಕ್ಯಾನುಗಳು ಅವರ ಕಣ್ಣಿಗೆ ಕ್ಯಾನುಗಳಲ್ಲ, ಜಲಾಂತರ್ಗಾಮಿಗಳ ನೆತ್ತಿಗೆ ಹಾಕುವ ಬಾಂಬುಗಳು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಇದೇ ಹುಚ್ಚಿನ ಕೆಲವರು ಸೇರಿ ‘ಬಯಲುಸೀಮೆ ನೌಕಾಬಳಗ’ ಎಂಬ ವಾಟ್ಸಾಪ್ ಗುಂಪು ಕಟ್ಟಿಕೊಂಡಿದ್ದರು. ಟಾರ್ಪೆಡೊದ ವೇಗದ ವಿಚಾರದಲ್ಲಿ ಜಗಳವಾಗಿ ಮಧುಗಿರಿಯವರೂ ಕೊರಟಗೆರೆಯವರೂ ಪರಸ್ಪರ ಮಾತು ಬಿಟ್ಟಿದ್ದರು. ಇಷ್ಟಾಗಿ ಆ ಗುಂಪಿನಲ್ಲಿ ಉಪ್ಪುನೀರನ್ನು ಕಣ್ಣಾರೆ ಕಂಡವರು ಒಬ್ಬರೇ: ನೌಕಾದಳದಲ್ಲಿ ದುಡಿದು ನಿವೃತ್ತರಾದ ಪಾವಗಡದ ಚಿರಂಜೀವಿಯವರು.

ನಾಗಲಿಂಗಯ್ಯನವರ ಸಂಕಟದ ಬೀಜ ಅವರ ನಡುಮನೆಯಲ್ಲೇ ಇತ್ತು. ಹನ್ನೊಂದು ಅಡಿ ಉದ್ದದ ಬೀಜ. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವಸಮುದ್ರವನ್ನು ನಡುಗಿಸಿದ ಹಳೆಯ ವಿಕ್ರಾಂತವೆಂಬ ವಿಮಾನವಾಹಕ ನೌಕೆಯ ಪ್ರತಿಕೃತಿಯನ್ನು ಅವರು ಮೂರು ವರ್ಷ ಶ್ರಮಿಸಿ ಅಲ್ಲಿ ಕಟ್ಟಿದ್ದರು. ತಗಡಿನ ಒಡಲನ್ನು ಬೆಸೆದುಕೊಟ್ಟವರು ಪಕ್ಕದ ವೆಲ್ಡಿಂಗ್ ಅಂಗಡಿಯ ಕರೀಮ್ ಸಾಬ್. ಮೇಲೆ ಪ್ಲೈವುಡ್ಡಿನ ಓಟದಾರಿ, ಅದರ ಬಲಕ್ಕೆ ಗೋಪುರ, ಓಟದಾರಿಯ ಮೇಲೆ ಜೋಳದ ದಂಟಿನ ಬೆಂಡಿನಲ್ಲಿ ಕೊರೆದ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು. ನೌಕೆಯು ಸಿದ್ಧವಾದಂತೆ ಸೋಫಾ ಜಗಲಿಗೆ ಹೋಯಿತು, ಟೀವಿ ಅಡುಗೆಮನೆಗೆ ಹೋಯಿತು, ಅವರ ಧರ್ಮಪತ್ನಿ ಕಮಲಾಕ್ಷಮ್ಮನವರ ತಾಳ್ಮೆ ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ.

“ರೀ, ನಾಡಿದ್ದು ವಿಜಯದಶಮಿ. ಬಡವನಹಳ್ಳಿ ಬೀಗರು ಮಗಳ ಮದ್ವೆ ಆದ್ಮೇಲೆ ಮೊದಲ್ನೇ ಸಲ ನಮ್ಮನೆ ಊಟಕ್ಕೆ ಬರ್ತಾವ್ರೆ,” ಎಂದು ಅಷ್ಟಮಿಯ ದಿನ ಆಕೆ ಸೆರಗು ಸಿಕ್ಕಿಸಿ ನಿಂತರು. “ಅವರು ಎಲ್ಲಿ ಕೂತ್ಕೋಬೇಕು? ನಿಮ್ಮ ರನ್‌ವೇ ಮೇಲಾ?”

“ಸ್ವಲ್ಪ ಸರಿಸಿದರೆ ಎಂಟು ಜನ...”

“ಏನೂ ಸರ್ಸ್‌ಬ್ಯಾಡಿ. ನಾಳೆ ಸಂಜೆ ಒಳಗೆ ಇದು ಮನೆಯಿಂದ ಹೋಗ್ಬೇಕು. ಇಲ್ದಿದ್ರೆ ಗುಜರಿ ಖಲೀಲನಿಗೆ ಫೋನ್ ಮಾಡ್ತೀನಿ. ಅವನು ತೂಕಕ್ಕೆ ತಗೊಂಡು ಹೋಗ್ತಾನೆ.”

ತೂಕಕ್ಕೆ! ವಿಕ್ರಾಂತವನ್ನು! ನಾಗಲಿಂಗಯ್ಯನವರ ಎದೆಗೆ ಟಾರ್ಪೆಡೊ ಹೊಡೆದಂತಾಯಿತು. ನೌಕೆಯ ಚಿತ್ರವನ್ನು ಗುಂಪಿಗೆ ಹಾಕಿ, ಇಂಥದಕ್ಕೆ ಯೋಗ್ಯ ನೆಲೆ ಕಾಣಿಸುವ ಪುಣ್ಯವಂತರು ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಂಡರು. ರಾತ್ರಿಯ ಊಟಕ್ಕೆ ಮುಂಚೆಯೇ ಚಿರಂಜೀವಿಯವರ ಕರೆ ಬಂತು.

“ನಮಸ್ಕಾರಮಂಡಿ ನಾಗಲಿಂಗಯ್ಯಗಾರು! ಫೋಟೋ ನೋಡಿದೆ. ಅಬ್ಬಬ್ಬಾ! ಹಡಗನ್ನ ಅಷ್ಟು ಚೆನ್ನಾಗಿ ಇಟ್ಕೊಂಡಿರೋ ಮನೇನ ನಾನು ಕಣ್ಣಾರೆ ನೋಡ್ಲೇಬೇಕು. ನಿಮ್ಮ ನಡುಮನೆ ಉದ್ದ ಎಷ್ಟು?”

“ಹದಿನಾರು ಅಡಿ ಸಾರ್.”

“ಬಾಗಿಲು ಅಗಲ? ಮಳೆ ಬಂದ್ರೆ ಮನೆ ಸೋರ್ತದಾ?”

“ಒಂದು ಹನಿ ಇಲ್ಲ ಸಾರ್.”

“ಬಾಗುಂದಿ, ಬಾಗುಂದಿ! ನಾಳೆ ಸಂಜೆಗೆ ಟೆಂಪೋ ತಗೊಂಡೇ ಬರ್ತೀನಿ. ಇನ್ನು ಹಡಗಿನ ಚಿಂತೆ ನಂದು ಅಲ್ಲ... ಅಂದ್ರೆ, ನಿಮಗೂ ಬೇಡ, ಬಿಡಿ!”

ಹೊರಗೆ ಸಾಗಿಸುವ ಮುನ್ನ ಒಳಗಿನ ಅಳತೆಯನ್ನೆಲ್ಲ ಕೇಳಿಕೊಳ್ಳುವ ಈ ಜಾಗರೂಕತೆಯನ್ನು ಕಂಡು ನಾಗಲಿಂಗಯ್ಯನವರಿಗೆ ರೋಮಾಂಚನವಾಯಿತು. ನೌಕಾದಳದವರೆಂದರೆ ಹೀಗೆ! ತಮ್ಮ ವಿಕ್ರಾಂತವು ಯಾವುದೋ ದೊಡ್ಡ ಪ್ರದರ್ಶನಶಾಲೆಯಲ್ಲಿ, ಹಿತ್ತಾಳೆಯ ಫಲಕದಲ್ಲಿ ತಮ್ಮ ಹೆಸರಿನೊಡನೆ ಮೆರೆಯುವುದನ್ನು ಆ ರಾತ್ರಿ ಕನಸಿನಲ್ಲಿ ಕಂಡರು.

ಮರುದಿನ ಆಯುಧಪೂಜೆ. ಬೆಳಗಾಗುತ್ತಲೇ ಊರಿನ ಟ್ರಾಕ್ಟರುಗಳು ಮಿಂದು, ಬಾಳೆಕಂದು ಕಟ್ಟಿಸಿಕೊಂಡು ಮದುವಣಿಗರಂತೆ ಬೀದಿಯಲ್ಲಿ ಸಾಲುನಿಂತಿದ್ದವು. ಟೆಂಪೋ ಬಂದಾಗ ತಡವಾಗದಿರಲೆಂದು ನಾಗಲಿಂಗಯ್ಯನವರು ಕರೀಮ್ ಸಾಬರನ್ನೂ ದಾರಿಯಲ್ಲಿದ್ದ ನಾಲ್ವರನ್ನೂ ಕರೆದು ನೌಕೆಯನ್ನು ಜಗಲಿಗೆ ತರಿಸಲು ತೊಡಗಿದರು. ಮೂತಿ ಹೊಸಿಲು ದಾಟಿತು, ಗೋಪುರ ದಾಟಿತು, ಅಲ್ಲಿಗೆ ನಿಂತಿತು. ನೌಕೆಯ ಕೆಳಗೆ ಬೋಲ್ಟು ಹಾಕಿ ಬಿಗಿದಿದ್ದ ಕಬ್ಬಿಣದ ಪೀಠವು ಬಾಗಿಲುವಾಡಕ್ಕೆ ಕಚ್ಚಿಕೊಂಡಿತು. ಅತ್ತ ಎಳೆದರು, ಇತ್ತ ನೂಕಿದರು, ಓರೆ ಮಾಡಿದರು. ಓರೆ ಮಾಡಿದ್ದೇ ತಡ, ಬೆಂಡಿನ ವಿಮಾನಗಳೆಲ್ಲ ಮಾಗಿದ ನೇರಳೆಹಣ್ಣಿನಂತೆ ಉದುರಿದವು.

ಎದುರುಮನೆಯ ಮುದುಕಿ ಜುಂಜಮ್ಮ ಮೇಕೆಗಳನ್ನು ಹೊಡೆದುಕೊಂಡು ಮೇವಿನ ಕಾವಲಿಗೆ ಹೊರಟವಳು ನೋಡಲು ನಿಂತಳು. ಒಡತಿ ನಿಂತರೆ ಮೇಕೆ ಸುಮ್ಮನಿರುತ್ತದೆಯೇ?

“ಅಜ್ಜೀ, ಮೇಕೆ! ಮೇಕೆ ಹಿಡಕೊಳಮ್ಮೋ! ಅದು ಸೀ ಹಾಕ್!”

“ಸಿಹಿನೋ ಕಾರನೋ, ಅದಕ್ಕೇನು ಗೊತ್ತಾಯ್ತದೆ ಕಣಪ್ಪಾ? ಮೂಕಪ್ರಾಣಿ. ಎಲ್ಡು ತಿಂದ್ರೆ ನಿನ್ ಗಂಟೇನು ಓದಾತು ಬುಡು.”

ಶತ್ರುಸೈನ್ಯವು ಇಡೀ ಯುದ್ಧದಲ್ಲಿ ಮಾಡಲಾಗದ್ದನ್ನು ಆ ಕರಿಯ ಮೇಕೆಯು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮಾಡಿ ಮುಗಿಸಿತು. ಉಳಿದ ಒಂದು ಅಲಿಝೆಯನ್ನು ನಾಗಲಿಂಗಯ್ಯನವರು ಎದೆಗವಚಿಕೊಂಡು ನಿಂತರು.

“ಸಾಬ್ರೇ, ನಿಮ್ಮ ಕಟ್ಟಿಂಗ್ ಮಿಷನ್ ತನ್ನಿ. ಪೀಠ ಕೊಯ್ದುಬಿಡೋಣ.”

ಕರೀಮ್ ಸಾಬರು ಎರಡೂ ಕಿವಿ ಮುಟ್ಟಿಕೊಂಡರು. “ಅರೆ, ಏನ್ ಮಾತು ಆಡ್ತೀರಿ ಸೆಕ್ರೆಟ್ರಿಗಳೇ! ನಮ್ಮ ಹುಡುಗರು ಬೆಳಿಗ್ಗೇನೇ ಎಲ್ಲಾ ತೊಳ್ದು, ಕುಂಕುಮ ಹಚ್ಚಿ, ಹೂ ಏರ್ಸಿಟ್ಟವ್ರೆ. ನಮ್ಮಪ್ಪನ ಕಾಲ್ದಿಂದ ಈ ದಿನ ಅಂಗಡೀಲಿ ಕಿಡಿ ಹಾರಿಲ್ಲ. ಸಾಮಾನು ಇವತ್ತು ಆರಾಮ್ ತಗೊಳ್ತಾವೆ.”

ಊರಿನಲ್ಲಿ ಒಂದು ಸ್ಪಾನರೂ ಸಿಗುವ ದಿನವಲ್ಲ ಅದು. ಹೀಗೆ ವಿಕ್ರಾಂತವು ಅರ್ಧ ಒಳಗೆ, ಅರ್ಧ ಹೊರಗೆ, ಹೊಸಿಲಿನ ಮೇಲೆ ನರಸಿಂಹಾವತಾರದ ವಿಗ್ರಹದಂತೆ ಸಿಕ್ಕಿಕೊಂಡಿರುವಾಗ ಪೂಜಾರಿ ಕಾಡಸಿದ್ದಪ್ಪನವರು ಮಂಗಳಾರತಿ ತಟ್ಟೆಯೊಡನೆ ಬಂದರು. ಟ್ರಾಕ್ಟರುಗಳ ಸಾಲು ಮುಗಿಸುವ ಅವಸರದಲ್ಲಿದ್ದ ಅವರು ಇದೂ ಸಾಲಿನದೇ ಇರಬೇಕೆಂದು ಬಗೆದು, ಮೂತಿಗೆ ವಿಭೂತಿ ಬಳಿದು, ಓಟದಾರಿಯ ಮೇಲೆ ಅಂಗೈಯಗಲದ ಸ್ವಸ್ತಿಕ ಬರೆದು, ಗೋಪುರಕ್ಕೆ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದೇಬಿಟ್ಟರು.

“ಅಯ್ಯೋ ಪೂಜಾರಪ್ಪಾ,” ಎಂದು ಒಳಗಿನಿಂದ ಕಮಲಾಕ್ಷಮ್ಮನವರ ದನಿ ಕೇಳಿತು. “ಪೂಜೆ ಮಾಡಿದ ಆಯುಧಾನ ನಾಳೆ ದಶಮಿ ಪೂಜೆವರ್ಗೂ ಅಲ್ಲಾಡ್ಸಂಗಿಲ್ಲ ಅಲ್ವಾ? ನಾನು ಹೊರಗೆ ಬರೋದು ಹೆಂಗೆ?”

ಶಾಸ್ತ್ರವು ಬಾಗಿಲಿಗೆ ಅಡ್ಡ ನಿಂತಿತ್ತು.

ಕಾಡಸಿದ್ದಪ್ಪನವರು ಗಡ್ಡ ನೀವಿಕೊಂಡು ಗಂಭೀರರಾದರು. “ಅದು ಇದು ಏನು ಅನ್ನೋದ್ರ ಮೇಲೆ ಹೋಗ್ತದೆ ತಾಯಿ. ಆಯುಧ ಆದ್ರೆ ಪೂಜೆ ಆದ ಜಾಗದಲ್ಲೇ ನಾಳೆವರ್ಗೂ ಇರ್ಬೇಕು. ವಾಹನ ಆದ್ರೆ ಇವತ್ತೇ ನಿಂಬೆಹಣ್ಣು ದಾಟ್ಸಿ ಒಂದು ಸುತ್ತು ಹೊಡೆಸ್ಬೇಕು. ಸೆಕ್ರೆಟ್ರಿಗಳೇ, ನೀವೇ ಹೇಳ್ರಪ್ಪಾ. ಇದು ಆಯುಧವೋ, ವಾಹನವೋ?”

“ವಾಹನ! ಶುದ್ಧ ವಾಹನ!” ಎಂದರು ನಾಗಲಿಂಗಯ್ಯನವರು. ಸಂಜೆಗೆ ಟೆಂಪೋ ಬರುವುದಿತ್ತು.

“ಏ, ಸುಳ್ಳು ಹೇಳ್ಬ್ಯಾಡ ಕಣ್ಲಾ ನಾಗಲಿಂಗ,” ಎಂದಳು ಜುಂಜಮ್ಮ. “ಓದ್ ಯುಗಾದೀಲಿ ಡೈರಿ ಮುಂದೆ ನಿಂತ್ಕಂಡು ನೀನೇ ಅಂದೆ, ಸಮುದ್ರದ್ಮ್ಯಾಗೆ ಇದಕ್ಕಿಂತ ದೊಡ್ಡ ಆಯುಧ ಇಲ್ಲ ಅಂತ. ನನ್ನ ಹಾಲು ಕೆಡೋವರ್ಗೂ ಅಂದೆ.”

“ಅಜ್ಜೀ, ಆಯುಧ ಅಂದ್ರೆ ವಿಮಾನ. ಹಡಗು ಬರೀ ಅದನ್ನ ಹೊತ್ಕೊಂಡು ಹೋಗೋದು. ಆ ವಿಮಾನಗಳೆಲ್ಲ ಈಗ ನಿನ್ನ ಮೇಕೆ ಹೊಟ್ಟೇಲವೆ. ಆಯುಧ ಯಾವುದು ಅಂತ ಕೇಳಿದ್ರೆ ಈಗ ನಿನ್ನ ಮೇಕೇನೇ ಆಯುಧ!”

ಕಾಡಸಿದ್ದಪ್ಪನವರು ಮೇಕೆಯ ಹಣೆಗೆ ಕುಂಕುಮವಿಟ್ಟು, ನೌಕೆಯನ್ನು ವಾಹನವೆಂದು ಸಾರಿದರು.

ಇನ್ನು ಪೀಠವನ್ನು ಬಿಡಿಸಬೇಕಿತ್ತು. ಕಮಲಾಕ್ಷಮ್ಮನವರು ಅಡುಗೆಮನೆಯ ಇಕ್ಕಳವನ್ನು ಸಂದಿಯಲ್ಲಿ ತೂರಿಸಿ, “ಇದಕ್ಕೆ ಕುಂಕುಮ ಇಡೋದು ಮರ್ತಿದ್ದೆ, ನಡೀತದೆ ತಗೊಳ್ಳಿ,” ಎಂದರು. ನಾಗಲಿಂಗಯ್ಯನವರು ಒಬ್ಬರೇ ನೌಕೆಯ ಕೆಳಗೆ ಅಂಗಾತ ಮಲಗಿ ಬೋಲ್ಟುಗಳನ್ನು ಬಿಚ್ಚಿದರು. ಬಿಚ್ಚಿದಮೇಲೆ ಅವರ ಮೋರೆಯ ಮೇಲೆ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಬಿದ್ದವು. ಬೋಲ್ಟಿದ್ದ ಕಡೆಯೆಲ್ಲ ತೂತು! ನೌಕೆಯ ತಳವನ್ನು ಕೊರೆದವರು ಬೇರೆ ಯಾರೂ ಅಲ್ಲ, ಅವರೇ. ನೌಕೆಗಳಲ್ಲಿ ನೀರು ನುಗ್ಗದಂತೆ ಕಟ್ಟುವ ಅರೆಗಳ ವಿಷಯವಾಗಿ ಗುಂಪಿನಲ್ಲಿ ಪ್ರಬಂಧವನ್ನೇ ಬರೆದ ಮಹಾನುಭಾವರು, ತಮ್ಮ ನೌಕೆ ನೀರಿಗೆ ಇಳಿಯಬಹುದೆಂದು ಒಂದು ದಿನವೂ ಎಣಿಸಿರಲಿಲ್ಲ.

ಹೊರಗೆ ಆಗಲೇ ಮುಂದಿನ ಚರ್ಚೆ ಶುರುವಾಗಿತ್ತು.

“ನಿಂಬೆಹಣ್ಣು ಎಲ್ಲಿ ಇಡೋಣ? ಇದಕ್ಕೆ ಚಕ್ರವೇ ಇಲ್ಲವಲ್ಲ,” ಎಂದರು ಕಾಡಸಿದ್ದಪ್ಪ.

“ನೀರಿನ ವಾಹನ ಅಲ್ವಾ?” ಎಂದರು ಕರೀಮ್ ಸಾಬರು. “ಕೆರೇಲಿ ಓಡ್ಸೋಣ. ಈ ಸಲ ಏನ್ ಕಮ್ಮಿ ನೀರಾ? ಸಮುದ್ರ ಇದ್ದಂಗದೆ!”

“ಬೇಡಿ ಸಾಬ್ರೇ,” ಎಂದು ನಾಗಲಿಂಗಯ್ಯನವರು ಕೆಳಗಿನಿಂದ ತೆವಳಿ ಬಂದರು. “ಇದು... ಇದು ನೋಡೋಕೆ ಮಾಡಿದ್ದು. ತೇಲೋಕಲ್ಲ.”

ಕರೀಮ್ ಸಾಬರ ಮುಖ ಕೆಂಪೇರಿತು. “ಅಂದ್ರೆ? ನನ್ನ ವೆಲ್ಡಿಂಗ್ ಮೇಲೆ ಅನುಮಾನಾನಾ? ಸಿರಾ ಬಜಾರ್‌ಗೆ ಹೋಗಿ ಕೇಳಿ! ಕರೀಮ್ ಸಾಬ್ ಬೆಸೆದ ತೊಟ್ಟಿ ಯಾವತ್ತಾದ್ರೂ ಸೋರೈತಾ ಅಂತ. ಖುದಾ ಕೀ ಕಸಮ್, ಇದು ಒಂದು ಹನಿ ನೀರು ಕುಡಿದ್ರೆ ನಾನು ಅಂಗಡಿ ಬಾಗಿಲು ಹಾಕ್ತೀನಿ!”

ಅಷ್ಟು ಜನರ ಮುಂದೆ, ನಿಮ್ಮ ಬೆಸುಗೆಯಲ್ಲಿ ದೋಷವಿಲ್ಲ, ನಾನೇ ಹಡಗಿನ ತಳಕ್ಕೆ ತೂತು ಹೊಡೆದಿದ್ದೇನೆ ಎನ್ನಲು ನಾಗಲಿಂಗಯ್ಯನವರ ನಾಲಿಗೆ ಏಳಲಿಲ್ಲ. ಗುಂಪಿನ ಮಧುಗಿರಿಯವರಿಗೆ ತಿಳಿದರೆ? ಕೊರಟಗೆರೆಯವರಿಗೆ ತಿಳಿದರೆ? ಇದೊಂದು ಸುದ್ದಿಯಿಂದ ಅವರಿಬ್ಬರೂ ರಾಜಿಯಾಗುತ್ತಿದ್ದರು.

“ಅರ್ಧಂಬರ್ಧ ಪೂಜೆ ಆದ ವಸ್ತು ನನ್ನ ಬಾಗಿಲಲ್ಲಿ ಇರಕೂಡ್ದು,” ಎಂದು ಒಳಗಿನಿಂದ ಆಜ್ಞೆಯಾಯಿತು. ಅಲ್ಲಿಗೆ ಎಲ್ಲ ತೀರ್ಮಾನವಾಯಿತು.

ನೌಕೆಯನ್ನು ಟ್ರಾಕ್ಟರಿನ ಟ್ರೈಲರಿಗೆ ಏರಿಸಿದರು. ಎರಡು ಬದಿಗೆ ಬಾಳೆಕಂದು ನಿಲ್ಲಿಸಿದರು. ಮುಂದೆ ತಮಟೆ, ಹಿಂದೆ ಹೆಂಗಸರ ತಂಬಿಟ್ಟಿನಾರತಿ, ನಡುವೆ ವಿಕ್ರಾಂತ. ಟ್ರೈಲರಿನಲ್ಲಿ ನೌಕೆಯ ಪಕ್ಕದಲ್ಲಿ ಕುಳಿತ ನಾಗಲಿಂಗಯ್ಯನವರ ಬುದ್ಧಿಯು ಮುಳುಗುವವನ ಕೈಕಾಲಿನಂತೆ ಬಡಿದಾಡುತ್ತಿತ್ತು. ತೂತು ಮುಚ್ಚಲು ಏನಾದರೂ ಬೇಕು. ಮೆತ್ತಗಿರಬೇಕು, ಅಂಟಬೇಕು, ಗಟ್ಟಿಯಾಗಿ ಕೂರಬೇಕು. ಕಣ್ಣೆದುರಿಗೇ ಕಂಚಿನ ತಟ್ಟೆಯಲ್ಲಿ ತಂಬಿಟ್ಟು! ಅಕ್ಕಿಹಿಟ್ಟು, ಬೆಲ್ಲದ ಪಾಕ, ತುಪ್ಪ. ಜಗತ್ತಿನ ಯಾವ ನೌಕಾನಿರ್ಮಾಣಶಾಲೆಯೂ ಅರಿಯದ ಈ ಲೇಪವನ್ನು ಅವರು, “ಒಂದೆರಡು ಪ್ರಸಾದ ಕೊಡ್ರಮ್ಮಾ” ಎಂದು ಬೇಡಿ ಪಡೆದು, ಯಾರೂ ನೋಡದಂತೆ ಕೈ ಬಗ್ಗಿಸಿ ತೂತುತೂತಿಗೂ ಮೆತ್ತಿದರು.

“ಹಸ್ದಿದ್ನೇನೋ ಪಾಪ, ಎಷ್ಟ್ ಬೇಗ ತಿಂದ ನೋಡ್ರೇ,” ಎಂದಳು ಜುಂಜಮ್ಮ.

ಮದಲೂರು ಕೆರೆ ಆ ವರ್ಷ ಕಣ್ಣು ಹಾಯುವಷ್ಟು ದೂರಕ್ಕೆ ತುಂಬಿ ತುಳುಕುತ್ತಿತ್ತು. ದಡದಿಂದ ತುಸು ದೂರ ಕಾಡಸಿದ್ದಪ್ಪನವರು ನಿಂಬೆಹಣ್ಣುಗಳನ್ನು ಎಸೆದರು. ಅವು ನೀರಿನ ಮೇಲೆ ತೇಲಿ ಸಾಲಾಗಿ ನಿಂತವು. ನೌಕೆಯ ಮೂತಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಜುಂಜಮ್ಮನ ಕೈಗೆ ಕೊಟ್ಟು, ಗಂಡಸರೆಲ್ಲ ಸೇರಿ “ಹೋ” ಎಂದು ನೀರಿಗೆ ನೂಕಿದರು.

ಆಹಾ! ವಿಕ್ರಾಂತ ತೇಲಿತು.

ಬರೀ ತೇಲಲಿಲ್ಲ. ತುಸುವೂ ವಾಲದೆ, ಗಾಳಿಗೆ ಹಾರವನ್ನು ಅಲುಗಿಸುತ್ತ, ನಿಂಬೆಹಣ್ಣುಗಳನ್ನು ಎಡಬಲಕ್ಕೆ ಸರಿಸುತ್ತ, ಐರಾವತವು ಗಂಗೆಗಿಳಿದಂತೆ ಸಾಗಿತು. ನಾಗಲಿಂಗಯ್ಯನವರ ಕಣ್ಣು ತುಂಬಿ ಬಂತು. ಮೂರು ವರ್ಷ ನಡುಮನೆಯ ಕತ್ತಲೆಯಲ್ಲಿ ಕಟ್ಟಿದ್ದು ಇದಕ್ಕೇ ಅಲ್ಲವೇ ಎನಿಸಿತು. ಉಳಿದಿದ್ದ, ಅವರು ಮತ್ತೆ ಏರಿಸಿಟ್ಟಿದ್ದ ಒಂದೇ ಅಲಿಝೆ ಓಟದಾರಿಯ ತುದಿಯಲ್ಲಿ, ಈಗಲೋ ಆಗಲೋ ಹಾರುವಂತೆ ನಿಂತಿತ್ತು. ಅವರು ಅಪ್ರಯತ್ನವಾಗಿ ಕೈಯೆತ್ತಿ ಸಲ್ಯೂಟ್ ಹೊಡೆದರು.

“ನೋಡಿದ್ರಾ? ನೋಡಿದ್ರಾ ನನ್ನ ವೆಲ್ಡಿಂಗು?” ಎಂದು ಕರೀಮ್ ಸಾಬರು ಎಲ್ಲರ ಬೆನ್ನು ತಟ್ಟುತ್ತಿದ್ದರು.

ಆಗ ಜುಂಜಮ್ಮ ಹಣೆಗೆ ಕೈ ಅಡ್ಡ ಹಿಡಿದು ಕೂಗಿದಳು. “ಅಗಳಗಳೋ, ನೋಡ್ರಲಾ! ಮೀನು ಹೆಂಗೆ ಮುತ್ಕಂಡವೆ! ದ್ಯಾವ್ರ ಹಡಗು ಅಂತ ಅವೂ ಪೂಜೆಗೆ ಬಂದವೆ!”

ನಿಜ. ಕೆರೆಯ ಜಿಲೇಬಿ ಮೀನುಗಳೆಲ್ಲ ನೌಕೆಯ ತಳಕ್ಕೆ ನೆರೆದಿದ್ದವು. ಬಾಲಗಳು ಮಿಂಚುತ್ತಿದ್ದವು, ಗುಳ್ಳೆಗಳು ಏಳುತ್ತಿದ್ದವು. ಕಬ್ಬಿನ ಬೆಲ್ಲ, ಮನೆಯ ತುಪ್ಪ. ಇಂಥ ತಂಬಿಟ್ಟು ಅವುಗಳ ಏಳು ತಲೆಮಾರು ಕಂಡಿರಲಿಲ್ಲ. ಸಮಸ್ತ ಜಲಾಂತರ್ಗಾಮಿಗಳ ಲಕ್ಷಣವನ್ನೂ ಬಲ್ಲ ನಾಗಲಿಂಗಯ್ಯನವರಿಗೆ ಮಾತ್ರ ಅದು ಪೂಜೆಯಲ್ಲ, ತಳದಿಂದ ನಡೆದ ಆಕ್ರಮಣವೆಂದು ತಿಳಿಯಿತು.

“ಎಳೀರಿ! ಹಗ್ಗ ಎಳೀರಿ! ಅಜ್ಜೀ, ಹಗ್ಗ ಎಲ್ಲಿ?”

“ಕೈ ಮುಗಿಯೋಕೆ ಅಂತ ಬುಟ್ಬುಟ್ಟೆ ಕಣಪ್ಪಾ. ಎಲ್ಡು ಕೈ ಬ್ಯಾಡ್ವಾ?”

ಹಗ್ಗವು ನೀರುಹಾವಿನಂತೆ ಜಾರಿಹೋಗುತ್ತಿತ್ತು. ವಿಕ್ರಾಂತವು ಮೊದಲು ಹಿಂಭಾಗವನ್ನು ತಗ್ಗಿಸಿತು, ಬಳಿಕ ಬಲಕ್ಕೆ ವಾಲಿತು. ಅಲಿಝೆಯು ಓಟದಾರಿಯ ಮೇಲೆ ಸರ್ರನೆ ಓಡಿ, ಯುದ್ಧಕಾಲದಲ್ಲಿ ಹಾರಿದಷ್ಟೇ ಗಂಭೀರವಾಗಿ ನೀರಿಗೆ ಹಾರಿತು. ಆಮೇಲೆ ಗುಳುಗುಳು ಎಂದು ನೌಕೆಯೆಲ್ಲ ಇಳಿದು, ಚೆಂಡುಹೂವಿನ ಹಾರ ಹಾಕಿಕೊಂಡ ಗೋಪುರವೊಂದೇ ನೀರಿನ ಮೇಲೆ ಉಳಿಯಿತು. ಎಲ್ಲಿಂದಲೋ ಬಂದ ಬೆಳ್ಳಕ್ಕಿಯೊಂದು ಅದರ ಮೇಲೆ ಕುಳಿತು ಕತ್ತು ಕೊಂಕಿಸಿತು.

ಮರುಕ್ಷಣ ಊರೇ ಚಪ್ಪಾಳೆ ತಟ್ಟಿತು. ವರ್ಷವರ್ಷವೂ ಗಣಪತಿಯನ್ನು ಕೆರೆಗೆ ಬಿಟ್ಟು ಅಭ್ಯಾಸವಿದ್ದ ಜನ ಅವರು. ಪೂಜೆಯಾಗಿ ಮೆರವಣಿಗೆಯಲ್ಲಿ ಬಂದದ್ದು ಕೆರೆಯಲ್ಲಿ ಮುಳುಗಿದರೆ ಅದೇ ಸರಿಯಾದ ಕ್ರಮವೆಂದು ಅವರು ಬಗೆದರು. “ಗಂಗಮ್ಮ ತಾಯಿ ಒಪ್ಪಿಸ್ಕಂಡ್ಲು! ಗೋವಿಂದಾ, ಗೋ...ವಿಂದ!” ಎಂದು ಕೂಗಿ, ಚರುಪು ಹಂಚಿಕೊಂಡು ಮನೆಗೆ ನಡೆದರು.

ದಡದಲ್ಲಿ ಉಳಿದವರು ಇಬ್ಬರೇ. ಕರೀಮ್ ಸಾಬರು ತಲೆಯ ಟೋಪಿ ತೆಗೆದು ನೀರನ್ನೇ ನೋಡುತ್ತಿದ್ದರು. “ಯಾ ಅಲ್ಲಾ! ಎಲ್ಲಿ ಬಿಟ್ಟುಹೋಯ್ತು ಬೆಸುಗೆ? ನಾಳೆಯಿಂದ ಯಾವ ಮುಖ ಇಟ್ಕೊಂಡು ಅಂಗಡಿ ತೆಗೀಲಿ?”

ಆ ಮುಖವನ್ನು ನೋಡಲಾರದೆ ನಾಗಲಿಂಗಯ್ಯನವರು ನಿಜವನ್ನು ಹೇಳಿಬಿಟ್ಟರು. ತೂತು, ಬೋಲ್ಟು, ತಂಬಿಟ್ಟು, ಎಲ್ಲ. ಕರೀಮ್ ಸಾಬರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಳಿಕ ಟೋಪಿಯನ್ನು ಹಾಕಿಕೊಂಡು, ಟ್ರಾಕ್ಟರಿನವನನ್ನು ಹುಡುಕಿಕೊಂಡು ಬಿರಬಿರನೆ ಹೊರಟುಹೋದರು.

ನಾಗಲಿಂಗಯ್ಯನವರು ಮನೆಗೆ ಬಂದಾಗ ನಡುಮನೆಯು ಸಾರಿಸಿ, ರಂಗೋಲಿ ಹಾಕಿಸಿಕೊಂಡು ಬಯಲಿನಂತೆ ಹರವಾಗಿತ್ತು. ಸೋಫಾ ಹಿಂದಿರುಗಿತ್ತು. ಮದುವೆಯಾದ ಹೊಸದರಲ್ಲಿ ನಕ್ಕಂತೆ ನಕ್ಕು ಕಮಲಾಕ್ಷಮ್ಮನವರು ಕಾಫಿ ಕೊಟ್ಟರು. ನಾಗಲಿಂಗಯ್ಯನವರು ಲೋಟವನ್ನು ಹಾಗೆಯೇ ಕೆಳಗಿಟ್ಟು ಬಾಗಿಲ ಕಡೆ ನೋಡಿದರು. ಪಾವಗಡದಿಂದ ಅಷ್ಟು ದೂರ ಬರುತ್ತಿರುವ ಹಿರಿಯರಿಗೆ ಏನು ಹೇಳುವುದು? ಹಿತ್ತಾಳೆಯ ಫಲಕವು ಕೆರೆಯ ಕೆಸರಿನಲ್ಲಿ ಮಿನುಗಿ ಮಾಯವಾದಂತಾಯಿತು.

ಹೊತ್ತು ಇಳಿಯುವಾಗ ಟೆಂಪೋ ಬಂತು. ಮುಂದಿನ ಸೀಟಿನಿಂದ ನೆಟ್ಟನೆಯ ಮೀಸೆಯ ಚಿರಂಜೀವಿಯವರು ಇಳಿದು, ಮನೆಯನ್ನು ಒಂದು ಕೋಟೆಯಂತೆ ಮೇಲಿನಿಂದ ಕೆಳಗೆ ನೋಡಿದರು. ನಾಗಲಿಂಗಯ್ಯನವರು ಓಡಿಹೋಗಿ ಅವರ ಕೈ ಹಿಡಿದುಕೊಂಡರು.

“ಕ್ಷಮಿಸಬೇಕು ಸಾರ್. ನಿಮಗೆ ಕೊಡಬೇಕಾಗಿದ್ದ ವಿಕ್ರಾಂತ ಈಗಿಲ್ಲ. ಮಧ್ಯಾಹ್ನ ಕೆರೆಯಲ್ಲಿ ಮುಳುಗಿತು.”

“ಮುಳುಗಿತಾ? ಪೂರ್ತಿಗಾನಾ?”

“ಗೋಪುರ ಒಂದು ಬಿಟ್ಟು ಪೂರ್ತಿ ಸಾರ್.”

“ಅಂದ್ರೆ,” ಚಿರಂಜೀವಿಯವರ ಕಣ್ಣು ಅರಳಿತು, “ನಡುಮನೆ ಖಾಲಿನಾ?”

“ಖಾಲಿ ಸಾರ್.”

“ದೇವುಡಾ! ನಾನು ಬರೀ ಫೋಟೋ ನೋಡಿದ್ದು, ಕೆಳಗೆ ಬರ್ದಿದ್ದು ಓದ್ಲೇ ಇಲ್ಲ. ನನ್ನ ಹಡಗನ್ನ ನಿಮ್ಮದರ ಪಕ್ಕದಲ್ಲಿ ಹೆಂಗೆ ಹಿಡಿಸೋದು ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ. ರೇಯ್, ಟಾರ್ಪಾಲ್ ತೆಗಿಯಿರೋ!”

ಟಾರ್ಪಾಲು ಸರಿಯಿತು. ಟೆಂಪೋ ಖಾಲಿಯಾಗಿರಲಿಲ್ಲ. ಅದರಲ್ಲಿ ‘ಮೈಸೂರು’ ಎಂಬ ಹಳೆಯ ಕ್ರೂಸರ್ ಯುದ್ಧನೌಕೆಯ ಪ್ರತಿಕೃತಿಯು, ಮೂತಿಯ ಮೇಲೆ ಗಂಡಭೇರುಂಡವನ್ನು ಧರಿಸಿ, ಮೂರು ಮೂರು ನಳಿಗೆಗಳ ಫಿರಂಗಿಗಳನ್ನು ನಾಗಲಿಂಗಯ್ಯನವರ ಎದೆಗೇ ಗುರಿಯಿಟ್ಟು ನಿಂತಿತ್ತು. ಉದ್ದ ಹದಿನೈದು ಅಡಿ.

“ರಿಟೈರ್ ಆದ್ಮೇಲೆ ಕಟ್ಟಿದ್ದು,” ಎಂದರು ಚಿರಂಜೀವಿಯವರು ಕಣ್ಣೊರೆಸಿಕೊಳ್ಳುತ್ತ. “ದಶಮಿ ಒಳಗೆ ಹಡಗು ಹೋಗ್ಬೇಕು, ಇಲ್ಲಾಂದ್ರೆ ನಾನು ತವರಿಗೆ ಹೋಗ್ತೀನಿ ಅಂತ ನಮ್ಮ ಈಶ್ವರಮ್ಮ ಕೂತಿದ್ದಾಳೆ. ನಾಲ್ಕು ತಾಲ್ಲೂಕು ಹುಡುಕಿದೆ ಸ್ವಾಮಿ. ಹಡಗನ್ನ ನಡುಮನೇಲಿ ಇಡೋಕೆ ಬಿಡೋ ಹೆಂಡ್ತಿ ಇರೋದು ನಿಮ್ಮೊಬ್ಬರ ಮನೇಲೇ!”

ನಾಗಲಿಂಗಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಟೆಂಪೋದ ಆಳುಗಳು ಸೋಫಾವನ್ನು ಜಗಲಿಗೆ ಇಟ್ಟಾಗಿತ್ತು. ಪೀಠವಿಲ್ಲದ ನೌಕೆಯಾದ್ದರಿಂದ ಅದು ಬಾಗಿಲಿನಲ್ಲಿ ಬೆಣ್ಣೆಯಂತೆ ಜಾರಿ, ರಂಗೋಲಿಯ ನಡುವೆ ಕುಳಿತಿತು. ಚಿರಂಜೀವಿಯವರು ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು ಫಿರಂಗಿಗಳಿಗೆ ಹಚ್ಚಿ, ತೆಂಗಿನಕಾಯಿಯನ್ನು ಹೊಸಿಲಿಗೆ ಫಟ್ಟನೆ ಒಡೆದರು.

“ರೀ!” ಎಂದು ಕಮಲಾಕ್ಷಮ್ಮನವರು ಅಡುಗೆಮನೆಯಿಂದ ಬಂದು, ನಿಂತಲ್ಲೇ ನಿಂತರು.

“ಪೂಜಾರಪ್ಪಾ! ಓ ಪೂಜಾರಪ್ಪಾ!” ಎಂದು ನಾಗಲಿಂಗಯ್ಯನವರು ಬೀದಿಗೆ ಓಡಿ ಕಾಡಸಿದ್ದಪ್ಪನವರನ್ನು ಎಳೆತಂದರು. “ನೋಡಿ, ಇದೂ ಹಡಗೇ. ಇದೂ ವಾಹನವೇ. ಈಗಲೇ ಒಂದು ಸುತ್ತು ಹೊಡೆಸಲೇಬೇಕು ಅಂತ ಹೇಳಿ!”

ಕಾಡಸಿದ್ದಪ್ಪನವರು ಫಿರಂಗಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಗಂಡಭೇರುಂಡಕ್ಕೆ ಕೈಮುಗಿದರು. “ಇದರ ಮೈತುಂಬ ಫಿರಂಗಿ ಅವೆ ಸೆಕ್ರೆಟ್ರಿಗಳೇ. ಇದು ವಾಹನ ಅಂದ್ರೆ ನನ್ನ ನಾಲಿಗೆ ಬಿದ್ದುಹೋಗ್ತದೆ. ಸಾಕ್ಷಾತ್ ಆಯುಧ. ಕಾಯಿ ಬೇರೆ ಒಡ್ದಾಯ್ತು. ನಾಳೆ ದಶಮಿ ಪೂಜೆವರ್ಗೂ ಕದಲ್ಸಂಗಿಲ್ಲ. ಮೇಲಾಗಿ ನೋಡ್ರಿ, ನೀವು ಗಂಗಮ್ಮನಿಗೆ ಒಂದು ಕೊಟ್ರಿ, ಅವಳು ಸಂಜೆಗೇ ಒಂದು ಕೊಟ್ಟಳು. ಅದೂ ನವರಾತ್ರೀಲಿ, ಮೈಸೂರೇ ಮನೆಗೆ ಬಂದದೆ! ಯಾರಾದ್ರೂ ಬೇಡ ಅಂತಾರಾ?”

ಚಿರಂಜೀವಿಯವರು ಖಾಲಿ ಟೆಂಪೋ ಹತ್ತಿ, ನೌಕಾದಳದ ಶಿಸ್ತಿನಲ್ಲಿ ಒಂದು ಸಲ್ಯೂಟ್ ಹೊಡೆದು, ಸಿಳ್ಳೆ ಹಾಕಿಕೊಂಡು ಪಾವಗಡದ ದಾರಿ ಹಿಡಿದರು. ನಡುಮನೆಯಲ್ಲಿ ಗಂಡಹೆಂಡಿರ ನಡುವೆ ಕ್ರೂಸರ್ ನಿಂತಿತ್ತು. ಬಡವನಹಳ್ಳಿಯ ಬೀಗರು ಬೆಳಗಿನ ಮೊದಲ ಬಸ್ಸಿಗೇ ಹೊರಡುವರೆಂದು ಮಗಳು ಮಂಗಳಗೌರಿ ಆಗತಾನೇ ಫೋನು ಮಾಡಿದ್ದಳು.

ಕಮಲಾಕ್ಷಮ್ಮನವರು ಏನೋ ಹೇಳಲೆಂದು ಉಸಿರೆಳೆದುಕೊಳ್ಳುತ್ತಿದ್ದಂತೆ ಬೀದಿಯಲ್ಲಿ ಟ್ರಾಕ್ಟರಿನ ಸದ್ದಾಯಿತು. ಮೊಣಕಾಲಿನವರೆಗೆ ಕೆಸರಾಗಿದ್ದ ಕರೀಮ್ ಸಾಬರು ಟ್ರೈಲರಿನ ಮೇಲೆ ವಿಜಯೋತ್ಸವದ ಅರಸನಂತೆ ನಿಂತಿದ್ದರು. ಅವರ ಹಿಂದೆ ನೀರು ಸುರಿಸುತ್ತ, ಹಾರ ಹಾಕಿಕೊಂಡು, ವಿಕ್ರಾಂತ.

“ಸೆಕ್ರೆಟ್ರಿಗಳೇ!” ಎಂದು ಅವರು ಬೀದಿಯೆಲ್ಲ ಕೇಳುವಂತೆ ಕೂಗಿದರು. “ಊರವರಿಗೆಲ್ಲ ತೋರ್ಸಿಕೊಂಡು ಬಂದೆ! ಬೆಸುಗೆ ಒಂದು ಕಡೆನೂ ಬಿಟ್ಟಿಲ್ಲ, ತೂತೆಲ್ಲ ನಿಮ್ಮದೇ! ನಾಡಿದ್ದು ಮುಚ್ಚಿ ಕೊಡ್ತೀನಿ. ಈಗ ಹೇಳಿ, ಎಲ್ಲಿ ಇಳಿಸ್ಲಿ?”

ಈ ಕತೆಯನ್ನು ಹೇಳಿದವರಿಗೂ ಕೇಳಿದವರಿಗೂ ಮತ್ಸ್ಯಮೂರ್ತಿಯು ಹರವಾದ ನಡುಮನೆಯನ್ನೂ, ತೂತಿಲ್ಲದ ತಳವನ್ನೂ, ತಡವಾಗಿ ಬರುವ ಬೀಗರನ್ನೂ ದಯಪಾಲಿಸಲಿ. ಕೆರೆಗಳು ತುಂಬಲಿ, ಮೇಕೆಗಳು ಮೇಯಲಿ, ಮೀನುಗಳು ತಂಬಿಟ್ಟು ತಿಂದು ತಣಿಯಲಿ. ಎಲ್ಲರ ಮನೆಯ ಆಯುಧಗಳೂ ಪೂಜೆಯಲ್ಲೇ ನೆಮ್ಮದಿಯಾಗಿರಲಿ. ಶುಭವಾಗಲಿ.